ಉಪ್ಪುಗಾಳಿಗೆ ನಿಂತ ತಂತಿಗಳು: ಹಾಯಿದೋಣಿಯ ರಿಗ್ಗಿಂಗ್ ಬದಲಿಸಿದ ದಾಖಲೆ

ಹಾಯಿದೋಣಿಯ ಮಾಸ್ಟನ್ನು, ಅಂದರೆ ಹಾಯಿಕಂಬವನ್ನು, ಹಿಡಿದು ನಿಲ್ಲಿಸುವ ತಂತಿಗಳ ವ್ಯವಸ್ಥೆಯೇ ರಿಗ್ಗಿಂಗ್; ಅದರಲ್ಲಿ ಬದಿಗಳಿಗೆ ಇಳಿಯುವ ತಂತಿ ಶ್ರೌಡ್. ನನ್ನ ದೋಣಿಯ ಎಡಬದಿಯ ಹಿಂದಿನ ಕೆಳ ಶ್ರೌಡಿನ ಬುಡದಲ್ಲಿ, ತಂತಿಯು ಸ್ವೇಜ್ ಮಾಡಿದ (ಯಂತ್ರದಲ್ಲಿ ಒತ್ತಿ ಸೇರಿಸಿದ) ಕೊಳವೆಯೊಳಗೆ ಇಳಿಯುವ ಜಾಗದಲ್ಲಿ, ಉಗುರಿನ ತುದಿಯಷ್ಟು ಅಗಲದ ಕಂದು ಕಲೆಯೊಂದು ಕಾಣಿಸಿಕೊಂಡದ್ದರಿಂದ ಈ ಕೆಲಸ ಆರಂಭವಾಯಿತು. ಒರೆಸಿದರೆ ಅದು ಹೋಗುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಮೂಡುತ್ತಿತ್ತು. ಮೂರನೆಯ ಸಲ ಒರೆಸಿದ ಮೇಲೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿದು ನೋಡಿದೆ. ಕೊಳವೆಯ ಬಾಯಿಯಿಂದ ಕೆಳಕ್ಕೆ ಕೂದಲೆಳೆಯಂತಹ ಗೆರೆಯೊಂದು ಇಳಿದಿತ್ತು. ಅದು ಗೀರೋ ಬಿರುಕೋ ಎಂಬುದನ್ನು ತಿಳಿಯಲು, ಬಿರುಕು ಪತ್ತೆಗೆ ಬಳಸುವ ಕೆಂಪು ದ್ರವವನ್ನು ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಮೇಲ್ಮೈಯನ್ನು ಪೂರ್ತಿಯಾಗಿ ಒರೆಸಿ, ಬಿಳಿಯ ಡೆವಲಪರ್ ಪುಡಿಯನ್ನು ಸಿಂಪಡಿಸಿದೆ. ಆ ಬಿಳುಪಿನ ಮೇಲೆ ಸುಮಾರು 14 ಮಿ.ಮೀ. ಉದ್ದದ ಕೆಂಪು ಗೆರೆ ತಾನಾಗಿ ಮೂಡಿತು. ಮೇಲುಮೇಲಿನ ಗೀರಿನಲ್ಲಿ ಬಣ್ಣ ಉಳಿಯುವುದಿಲ್ಲ. ಆಳವಿರುವ ಬಿರುಕಿನೊಳಗೆ ಅಡಗಿದ ಬಣ್ಣ ಮಾತ್ರ ಹೀಗೆ ಹೊರಕ್ಕೆ ಒಸರುತ್ತದೆ.

ದೋಣಿ 32 ಅಡಿ ಉದ್ದದ್ದು. ಒಂದೇ ಜೊತೆ ಸ್ಪ್ರೆಡರ್ (ತಂತಿಯನ್ನು ಕಂಬದಿಂದ ದೂರ ಹಿಡಿಯುವ ಅಡ್ಡಕೋಲು) ಇರುವ ಅಲ್ಯೂಮಿನಿಯಂ ಮಾಸ್ಟನ್ನು ಎಂಟು ತಂತಿಗಳು ಹಿಡಿದು ನಿಲ್ಲಿಸಿವೆ: ಮುಂದಕ್ಕೆ ಫೋರ್‌ಸ್ಟೇ, ಹಿಂದಕ್ಕೆ ಬ್ಯಾಕ್‌ಸ್ಟೇ, ತುದಿಯಿಂದ ಎರಡೂ ಬದಿಗೆ ಇಳಿಯುವ ಎರಡು ಮೇಲ್ ಶ್ರೌಡುಗಳು, ಸ್ಪ್ರೆಡರಿನ ಬುಡದಿಂದ ಇಳಿಯುವ ನಾಲ್ಕು ಕೆಳ ಶ್ರೌಡುಗಳು. ಮೊದಲ ನಾಲ್ಕು 7 ಮಿ.ಮೀ. ದಪ್ಪದವು, ಉಳಿದವು 6 ಮಿ.ಮೀ. ಸಾಮಾನ್ಯವಾಗಿ ಇಂತಹ ತಂತಿಗಳಿಗೆ ಹತ್ತು ವರ್ಷದ ಆಯುಷ್ಯ ಎನ್ನುತ್ತಾರೆ. ಉಷ್ಣವಲಯದ ಕಡಲಿನಲ್ಲಿ ವರ್ಷವಿಡೀ ನೀರಿನಲ್ಲೇ ನಿಂತಿರುವ ದೋಣಿಗೆ ಆ ಲೆಕ್ಕ ಸಲ್ಲುವುದಿಲ್ಲ. ನನ್ನ ದೋಣಿಯ ತಂತಿಗಳಿಗೆ ಎಂಟು ವರ್ಷವಾಗಿತ್ತು. ಒಂದು ತಂತಿಯ ಬುಡ ಸೀಳಿದೆ ಎಂದಾದರೆ, ಅದೇ ದಿನ ಕಟ್ಟಿದ, ಅದೇ ಉಪ್ಪನ್ನು ಉಂಡ ಉಳಿದ ಏಳನ್ನು ನಂಬಲು ಕಾರಣವಿಲ್ಲ. ಎಂಟನ್ನೂ ಬದಲಿಸಲು ನಿರ್ಧರಿಸಿದೆ.

ಕೆಲಸದ ಪ್ರತಿಯೊಂದು ತೀರ್ಮಾನವೂ ಸ್ಟೇನ್‌ಲೆಸ್ ಉಕ್ಕಿನ ಒಂದು ಗುಣವನ್ನು ಆಧರಿಸಿರುವುದರಿಂದ ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಉಕ್ಕು ತುಕ್ಕು ಹಿಡಿಯದಿರುವುದು ಅದರ ಮೈಮೇಲೆ ತಾನಾಗಿ ಬೆಳೆಯುವ ಕ್ರೋಮಿಯಂ ಆಕ್ಸೈಡಿನ ಪೊರೆಯಿಂದ. ಕೆಲವೇ ನ್ಯಾನೋಮೀಟರ್ ದಪ್ಪದ ಆ ಪೊರೆ ಗೀರು ಬಿದ್ದರೂ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಹಾಗೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿನಲ್ಲಿ ಉಪ್ಪುನೀರು ನಿಂತಾಗ ಒಳಗಿನ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ಪೊರೆ ದುರಸ್ತಿಯಾಗದೆ ಲೋಹ ಕರಗತೊಡಗುತ್ತದೆ, ಕರಗಿದ ಲೋಹ ನೀರನ್ನು ಆಮ್ಲೀಯವಾಗಿಸುತ್ತದೆ, ಅದೇ ಲೋಹದ ಅಯಾನುಗಳು ಹೊರಗಿನ ಕ್ಲೋರೈಡನ್ನು ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತವೆ; ಒಮ್ಮೆ ಶುರುವಾದ ಕೊರೆತ ತನ್ನನ್ನು ತಾನೇ ಪೋಷಿಸಿಕೊಳ್ಳುತ್ತ ಹೋಗುತ್ತದೆ. ಇದರ ಮೇಲೆ ಹವೆಯ ಪಾತ್ರವೂ ಇದೆ. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದರೆ ತಾನೇ ನೀರನ್ನು ಹೀರಿ ದ್ರವವಾಗುತ್ತದೆ. ಕಡಲಿನ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು 33 ಶೇಕಡಾ ಸಾಕು. ಬಿಸಿ ಕರಾವಳಿಯ ಗಾಳಿ ಆ ಮಟ್ಟಕ್ಕಿಂತ ಕೆಳಗಿಳಿಯುವುದು ಅಪರೂಪವಾದ್ದರಿಂದ, ಮಳೆಯಿಲ್ಲದ ರಾತ್ರಿಯಲ್ಲೂ ಸಂದಿನೊಳಗಿನ ಉಪ್ಪು ಒದ್ದೆಯಾಗಿಯೇ ಇರುತ್ತದೆ. ಹೀಗಾಗಿ ನನ್ನ ಮುಂದಿದ್ದ ಕೆಲಸವೆಂದರೆ ಹಳೆಯ ತಂತಿಯ ಜಾಗಕ್ಕೆ ಹೊಸದನ್ನು ಸಿಕ್ಕಿಸುವುದಷ್ಟೇ ಅಲ್ಲ, ನೀರು ನಿಂತು ಗಾಳಿ ಸುಳಿಯದ ಜಾಗಗಳನ್ನು ಒಂದೊಂದಾಗಿ ಹುಡುಕಿ, ತೆರೆಯಬಹುದಾದವನ್ನು ತೆರೆದು, ತೆರೆಯಲಾಗದವನ್ನು ಪೂರ್ತಿ ತುಂಬಿಬಿಡುವುದು.

ಮಾಸ್ಟನ್ನು ನಿಂತಂತೆಯೇ ಬಿಟ್ಟು, ಹಾಯಿ ಏರಿಸುವ ಹಗ್ಗಗಳಾದ ಹ್ಯಾಲ್ಯಾರ್ಡುಗಳನ್ನು ತಾತ್ಕಾಲಿಕ ಆಸರೆಯಾಗಿ ಬಿಗಿದು, ಒಂದು ಸಲಕ್ಕೆ ಒಂದೇ ತಂತಿಯನ್ನು ಬದಲಿಸುವುದು ಮೊದಲ ಯೋಜನೆಯಾಗಿತ್ತು. ಗಾಳಿಯಿಲ್ಲದ ದಿನ, ಅಲೆಯಿಲ್ಲದ ನೀರಿನಲ್ಲಿ ಅದು ಒಪ್ಪುವ ವಿಧಾನವೇ. ಆ ಯೋಜನೆಯನ್ನು ಬದಲಿಸಿದ್ದು ಚೈನ್‌ಪ್ಲೇಟ್.

ಚೈನ್‌ಪ್ಲೇಟ್ ಎಂದರೆ ಶ್ರೌಡಿನ ಎಳೆತವನ್ನು ದೋಣಿಯ ಒಡಲಿಗೆ ದಾಟಿಸುವ ಉಕ್ಕಿನ ಪಟ್ಟಿ. ನನ್ನ ದೋಣಿಯಲ್ಲಿ ಅದು 6 ಮಿ.ಮೀ. ದಪ್ಪ, 40 ಮಿ.ಮೀ. ಅಗಲವಿದ್ದು, ಡೆಕ್ಕನ್ನು ತೂರಿ ಕೆಳಗಿಳಿದು, ಕ್ಯಾಬಿನ್ನಿನ ಅಡ್ಡಗೋಡೆಗೆ ಬೋಲ್ಟುಗಳಿಂದ ಸೇರಿದೆ. ಡೆಕ್ಕಿನ ಮೇಲೆ ಕಾಣುವ ಭಾಗ ಕನ್ನಡಿಯಂತಿತ್ತು. ಕ್ಯಾಬಿನ್ನಿನೊಳಗಿನ ಮರದ ಹೊದಿಕೆಯನ್ನು ತೆಗೆದಾಗ ಕಂಡ ಭಾಗವೂ ಹಾಗೆಯೇ ಇತ್ತು. ಬೋಲ್ಟುಗಳನ್ನು ಬಿಚ್ಚಿ ಪಟ್ಟಿಯನ್ನು ಮೇಲಕ್ಕೆ ಎಳೆದಾಗ, ಡೆಕ್ಕಿನ ದಪ್ಪದೊಳಗೆ ಹುದುಗಿದ್ದ ಸುಮಾರು 30 ಮಿ.ಮೀ. ಭಾಗ ಕಪ್ಪುಗಂದು ಬಣ್ಣಕ್ಕೆ ತಿರುಗಿ, ಗೆದ್ದಲು ತಿಂದ ಹಲಗೆಯಂತೆ ಗುಳಿಬಿದ್ದಿತ್ತು. ಅಡ್ಡಡ್ಡಲಾಗಿ ಹರಿದ ಒಂದು ಗುಳಿಯಲ್ಲಿ ಕ್ಯಾಲಿಪರ್‌ನ ಆಳಮಾಪಕದ ಕಡ್ಡಿಯನ್ನು ಇಳಿಸಿದರೆ 2 ಮಿ.ಮೀ. ಒಳಗೆ ಹೋಯಿತು, ದಪ್ಪದ ಮೂರನೆಯ ಒಂದು ಪಾಲು ಇಲ್ಲವಾಗಿತ್ತು. ಆರು ಪಟ್ಟಿಗಳಲ್ಲಿ ನಾಲ್ಕು ಇದೇ ಸ್ಥಿತಿಯಲ್ಲಿದ್ದವು. ಬೋಲ್ಟುಗಳಲ್ಲಿ ಎರಡು ನಡು ಸವೆದು, ಡಮರಿನ ಆಕಾರಕ್ಕೆ ಬಂದಿದ್ದವು. ಇದನ್ನು ಕಂಡ ಸಂಜೆ ನನಗೆ ನಿಜವಾಗಿ ಭಯವಾಯಿತು, ಏಕೆಂದರೆ ಹಿಂದಿನ ತಿಂಗಳಷ್ಟೇ ಈ ಪಟ್ಟಿಗಳ ಮೇಲೆ ಪೂರ್ತಿ ಹಾಯಿ ಏರಿಸಿ ನಡುಗಡಲಿನಲ್ಲಿ ಎರಡು ರಾತ್ರಿ ಕಳೆದಿದ್ದೆ.

ಮರುದಿನವೇ ಕ್ರೇನ್ ತರಿಸಿ ಮಾಸ್ಟನ್ನು ಇಳಿಸಿದೆ. ಯಾರಾದರೂ ಇದೇ ಕೆಲಸಕ್ಕೆ ಕೈಹಾಕುವುದಾದರೆ, ತಂತಿಗಳಿಗೆ ಆರ್ಡರ್ ಕೊಡುವ ಮೊದಲು ಕನಿಷ್ಠ ಒಂದು ಚೈನ್‌ಪ್ಲೇಟನ್ನಾದರೂ ಪೂರ್ತಿ ಹೊರಗೆಳೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ; ಮೇಲಿನಿಂದಲೂ ಕೆಳಗಿನಿಂದಲೂ ನೋಡಿದ ಮಾತ್ರಕ್ಕೆ ಅದರ ಆರೋಗ್ಯ ತಿಳಿಯುವುದಿಲ್ಲ.

ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿದೆ. ಚೈನ್‌ಪ್ಲೇಟಿನ ಸೀಳಿನ ಸುತ್ತ ಆ ತಿರುಳು ನೆನೆದ ಹೊಟ್ಟಿನಂತಾಗಿತ್ತು. ಮೆತ್ತಗಾದ ಭಾಗವನ್ನು ಬಾಗಿದ ಉಳಿಯಿಂದ ಕೆರೆದು ತೆಗೆದು, ಒಣ ಮರ ಕೈಗೆ ಸಿಗುವವರೆಗೂ ಒಳಕ್ಕೆ ಸರಿದೆ. ಕೆಲವು ಕಡೆ ಸೀಳಿನಿಂದ ಒಂದು ಗೇಣು ದೂರದವರೆಗೆ ಹೋಗಬೇಕಾಯಿತು. ಒದ್ದೆ ಹವೆಯಲ್ಲಿ ಇದನ್ನು ಒಣಗಿಸುವುದೇ ಇಡೀ ಕೆಲಸದ ಅತ್ಯಂತ ನಿಧಾನದ ಹಂತವಾಯಿತು. ಮೇಲೆ ಟಾರ್ಪಾಲಿನ್ ಕಟ್ಟಿ, ಹಗಲು ಬಿಸಿ ದೀಪವನ್ನೂ ರಾತ್ರಿ ತೇವ ಹೀರುವ ಯಂತ್ರವನ್ನೂ ನಡೆಸಿ, ತೇವಮಾಪಕದ ಅಂಕಿ ಮೂರು ದಿನ ಒಂದೇ ಕಡೆ ನಿಂತ ಮೇಲೆ ಎಪಾಕ್ಸಿಯನ್ನು ಸುರಿದೆ. ಹಾಗೆ ಒಣಗಲು 19 ದಿನ ಹಿಡಿಯಿತು. ಮೊದಲು ತೆಳು ಎಪಾಕ್ಸಿಯನ್ನು ಮರಕ್ಕೆ ಕುಡಿಸಿ, ಅದು ಅಂಟಂಟಾಗಿರುವಾಗಲೇ ಸಿಲಿಕಾ ಪುಡಿ ಕಲಸಿ ಗಟ್ಟಿಮಾಡಿದ್ದನ್ನು ತುಂಬಿದೆ. ಬಿಸಿಲ ನಾಡಿನಲ್ಲಿ ಒಮ್ಮೆಲೇ ಹೆಚ್ಚು ತುಂಬಿದರೆ ಎಪಾಕ್ಸಿ ತನ್ನದೇ ಶಾಖದಿಂದ ಕುದಿದು ಬಿರಿಯುತ್ತದೆ; ಹಾಗಾಗಿ ನಿಧಾನವಾಗಿ ಗಟ್ಟಿಯಾಗುವ ಹಾರ್ಡನರ್ ಬಳಸಿ, ಸಂಜೆಯ ತಂಪಿನಲ್ಲಿ, ಎರಡೆರಡು ಪದರವಾಗಿ ಹಾಕಿದೆ. ಹೊಸ ಸೀಳನ್ನು ಈ ಗಟ್ಟಿ ಎಪಾಕ್ಸಿಯ ನಡುವೆಯೇ ಕೊರೆದೆ. ಮುಂದೆ ಎಂದಾದರೂ ನೀರು ಇಳಿದರೂ ಅದು ಮರವನ್ನು ಮುಟ್ಟಲಾರದು.

ಹೊಸ ಪಟ್ಟಿಗಳನ್ನು 316ಎಲ್ (316 ದರ್ಜೆಯ ಕಡಿಮೆ ಇಂಗಾಲದ ಬಗೆ) ಸ್ಟೇನ್‌ಲೆಸ್ ಉಕ್ಕಿನಿಂದ ಮಾಡಿಸಿದೆ. 316 ರಲ್ಲಿ 2 ರಿಂದ 3 ಶೇಕಡಾ ಮಾಲಿಬ್ಡಿನಂ ಇದ್ದು, ಕ್ಲೋರೈಡಿನ ಕೊರೆತವನ್ನು ಅದು 304 ದರ್ಜೆಯ ಉಕ್ಕಿಗಿಂತ ಚೆನ್ನಾಗಿ ತಡೆಯುತ್ತದೆ. ಅಯಸ್ಕಾಂತ ಹಿಡಿದು ಈ ಎರಡನ್ನು ಬೇರ್ಪಡಿಸಬಹುದು ಎಂಬ ನಂಬಿಕೆ ತಪ್ಪು. ಎರಡೂ ಸಾಮಾನ್ಯ ಸ್ಥಿತಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತಣ್ಣಗೆ ಎಳೆದಾಗ ಅಥವಾ ಬಗ್ಗಿಸಿದಾಗ ಎರಡೂ ಅಲ್ಪಸ್ವಲ್ಪ ಅಂಟಬಹುದು. ಮಾಲಿಬ್ಡಿನಂ ಇದ್ದರೆ ಬಣ್ಣ ಬದಲಾಗುವ ಪರೀಕ್ಷಾ ದ್ರವದ ಒಂದು ಹನಿಯನ್ನು ಪ್ರತಿ ಪಟ್ಟಿಗೂ ಪ್ರತಿ ಬೋಲ್ಟಿಗೂ ಹಾಕಿ ನೋಡಿದೆ. ತೂತು ಕೊರೆದು ಅಂಚುಗಳನ್ನು ದುಂಡಾಗಿಸಿದ ನಂತರ ಎಲೆಕ್ಟ್ರೋಪಾಲಿಶ್ (ವಿದ್ಯುತ್ತಿನಿಂದ ಮೈಯನ್ನು ನುಣುಪಾಗಿಸುವುದು) ಮಾಡಿಸಿದೆ. ನುಣುಪಾದ ಮೈಯಲ್ಲಿ ಉಪ್ಪು ನಿಲ್ಲಲು ಎಡೆ ಕಡಿಮೆ. ಕಡಲನೀರಿನ ಸಂದುಕೊರೆತಕ್ಕೆ ಟೈಟಾನಿಯಂ ಮಣಿಯುವುದೇ ಇಲ್ಲವಾದ್ದರಿಂದ, ತಕ್ಕ ಅಳತೆಯ ಪಟ್ಟಿ ಸಿಕ್ಕಿದ್ದರೆ ಅದನ್ನೇ ಆರಿಸುತ್ತಿದ್ದೆ. ಡೆಕ್ಕಿನ ಸೀಳಿನ ಅಂಚನ್ನು ಇಳಿಜಾರಾಗಿ ಉಜ್ಜಿ, ಅಲ್ಲಿ ನೀರು ತಡೆಯುವ ಮೆತ್ತನೆಯ ಬ್ಯೂಟೈಲ್ ಟೇಪನ್ನು ಒತ್ತಿ ತುಂಬಿ, ಮೇಲಿನ ಮುಚ್ಚಳವನ್ನು ಮೂರು ದಿನ ದಿನಕ್ಕಿಷ್ಟಿಷ್ಟೇ ಬಿಗಿದೆ. ಕ್ಯಾಬಿನ್ನಿನ ಮರದ ಹೊದಿಕೆಯನ್ನು ಮತ್ತೆ ಹಾಕಲಿಲ್ಲ. ಬೋಲ್ಟುಗಳು ಕಣ್ಣಿಗೆ ಬೀಳುತ್ತಿರಬೇಕು.

ತಂತಿಯ ಆಯ್ಕೆಯಲ್ಲಿ ಮೂರು ದಾರಿಗಳಿದ್ದವು. ಸತು ಲೇಪಿಸಿದ ಉಕ್ಕಿನ ತಂತಿಯ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಅದು ತನ್ನ ಸವೆತವನ್ನು ಮುಚ್ಚಿಡುವುದಿಲ್ಲ. ಮುರಿಯುವ ಬಹಳ ಮೊದಲೇ ಕೆಂಪಾಗಿ ಎಚ್ಚರಿಸುತ್ತದೆ. ಆದರೆ ಅದಕ್ಕೆ ಮತ್ತೆ ಮತ್ತೆ ಎಣ್ಣೆ ಕುಡಿಸುತ್ತಿರಬೇಕು, ಆ ಎಣ್ಣೆ ಹಾಯಿಗೆ ಬಳಿಯುತ್ತದೆ. ಡೈನೀಮಾ ಎಂಬ ಗಟ್ಟಿ ಪ್ಲಾಸ್ಟಿಕ್ ನೂಲಿನ ಹಗ್ಗಕ್ಕೆ ತುಕ್ಕಿನ ಭಯವೇ ಇಲ್ಲ, ತೂಕವೂ ಅತಿ ಕಡಿಮೆ. ಆದರೆ ಸದಾ ಎಳೆತದಲ್ಲಿರುವ ಹಗ್ಗ ಮೆಲ್ಲಮೆಲ್ಲಗೆ ಉದ್ದವಾಗುವ ಗುಣ ಬಿಸಿಯಲ್ಲಿ ಹೆಚ್ಚುತ್ತದೆ, ಬಿಸಿಲೂ ಅದನ್ನು ಕೆಡಿಸುತ್ತದೆ. ಕೊನೆಗೆ ಮೊದಲಿದ್ದ 316 ದರ್ಜೆಯ 19 ಎಳೆಯ ತಂತಿಯನ್ನೇ, ಮೊದಲಿದ್ದ ದಪ್ಪದಲ್ಲೇ ಆರಿಸಿದೆ. 7 ಮಿ.ಮೀ. ತಂತಿ ಸುಮಾರು ಮೂರೂವರೆ ಟನ್ ಎಳೆತಕ್ಕೆ ಮುರಿಯುತ್ತದೆ. ಸುರಕ್ಷತೆಗೆಂದು ಒಂದು ಅಳತೆ ದಪ್ಪದ್ದು ಹಾಕುವ ಆಸೆ ಹಲವರಿಗೆ ಬರುತ್ತದೆ. ಹಾಗೆ ಮಾಡಿದರೆ ಪಿನ್ನು, ತಿರುಗಿಸಿ ತಂತಿಯನ್ನು ಬಿಗಿಯುವ ಟರ್ನ್‌ಬಕಲ್, ಚೈನ್‌ಪ್ಲೇಟಿನ ತೂತು ಎಲ್ಲವೂ ಬದಲಾಗಬೇಕು, ಮಾಸ್ಟಿನ ತಲೆಯ ಮೇಲಿನ ತೂಕವೂ ಏರುತ್ತದೆ. ಇಲ್ಲಿ ಕೆಟ್ಟದ್ದು ತಂತಿಯ ದಪ್ಪವಲ್ಲ, ತಂತಿಯ ತುದಿ.

ತುದಿಯ ಮಾತಿಗೆ ಬಂದರೆ, ಮೇಲ್ತುದಿ ಮತ್ತು ಕೆಳತುದಿಗಳನ್ನು ಒಂದೇ ರೀತಿ ನೋಡಬಾರದು. ಸ್ವೇಜ್ ಎಂದರೆ ಉಕ್ಕಿನ ಕೊಳವೆಯೊಳಗೆ ತಂತಿಯನ್ನಿಟ್ಟು ಯಂತ್ರದಲ್ಲಿ ಒತ್ತಿ ಒಂದಾಗಿಸುವುದು. ಮೇಲ್ತುದಿಯಲ್ಲಿ ಆ ಕೊಳವೆಯ ಬಾಯಿ ನೆಲದ ಕಡೆಗಿರುವುದರಿಂದ ನೀರು ಸುರಿದುಹೋಗುತ್ತದೆ. ಕೆಳತುದಿಯಲ್ಲಿ ಬಾಯಿ ಆಕಾಶದ ಕಡೆಗಿದೆ. ತಂತಿಯ ಹುರಿಯಗುಂಟ ಇಳಿದ ಉಪ್ಪುನೀರೆಲ್ಲ ಅದರೊಳಗೆ ಸೇರಿ, ಒಳಗೆ ಹುಟ್ಟಿದ ತುಕ್ಕು ಹಿಗ್ಗಿ ಕೊಳವೆಯನ್ನು ಉದ್ದಕ್ಕೆ ಸೀಳುತ್ತದೆ. ನಾನು ಮೊದಲ ದಿನ ಕಂಡ ಗೆರೆ ಇದೇ. ಹಾಗಾಗಿ ಮೇಲ್ತುದಿಗಳನ್ನು ಯಂತ್ರದಲ್ಲಿ ಸ್ವೇಜ್ ಮಾಡಿಸಿ, ಕೆಳತುದಿಗಳಿಗೆ ಸ್ಪ್ಯಾನರಿನಿಂದ ಬಿಚ್ಚಿ ನೋಡಬಹುದಾದ ಸ್ಟಾ-ಲಾಕ್ ಟರ್ಮಿನಲ್‌ಗಳನ್ನು ನಾನೇ ಕೂರಿಸಿದೆ. ಕೆಳತುದಿಯನ್ನು ಸ್ಥಳದಲ್ಲೇ ಕತ್ತರಿಸುವುದರಿಂದ ಅಳತೆಯ ತಪ್ಪನ್ನು ತಿದ್ದಲೂ ಅವಕಾಶ ಉಳಿಯುತ್ತದೆ.

ಹಳೆಯ ತಂತಿಗಳನ್ನು ನೆಲದ ಮೇಲೆ ನೇರವಾಗಿ ಹಾಸಿ, ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ರಾಟೆಯಿಂದ ಬಿಗಿದು, ಪಿನ್ನಿನ ತೂತಿನ ನಡುವಿನಿಂದ ನಡುವಿಗೆ ಉಕ್ಕಿನ ಟೇಪಿನಲ್ಲಿ ಎರಡೆರಡು ಸಲ ಅಳೆದೆ. ಸುರುಳಿ ಸುತ್ತಿಟ್ಟಿದ್ದ ತಂತಿಯನ್ನು ಬಿಗಿಯದೆ ಅಳೆದರೆ ಅದರ ಬಾಗು ಹಲವು ಮಿಲಿಮೀಟರನ್ನು ನುಂಗುತ್ತದೆ. ಹೊಸ ಟರ್ನ್‌ಬಕಲ್‌ಗಳು ಅರ್ಧ ತೆರೆದಿರುವಂತೆ ಲೆಕ್ಕ ಹಾಕಿದೆ. ಹೊಸ ತಂತಿ ಹುರಿ ಕೂತು ಸ್ವಲ್ಪ ಉದ್ದವಾಗುವುದರಿಂದ ಬಿಗಿಯಲು ಬೇಕಾಗುವ ಎಡೆಯೇ ತುಸು ಹೆಚ್ಚಿರಲಿ ಎಂದು ನೋಡಿಕೊಂಡೆ.

ಟರ್ಮಿನಲ್ ಕೂರಿಸುವುದು ಕಷ್ಟದ ಕೆಲಸವಲ್ಲ, ಅವಸರ ಸಹಿಸದ ಕೆಲಸ. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹೊಸ ಬ್ಲೇಡಿನಿಂದ ಅಡ್ಡವಾಗಿ ನೇರಕ್ಕೆ ಕೊಯ್ದೆ. ಸಾದಾ ಉಕ್ಕನ್ನು ಉಜ್ಜಿದ್ದ ಅರವನ್ನಾಗಲಿ ತಂತಿಬ್ರಷನ್ನಾಗಲಿ ಹತ್ತಿರಕ್ಕೆ ತರಲಿಲ್ಲ, ಏಕೆಂದರೆ ಅದರ ಕಣಗಳು ಸ್ಟೇನ್‌ಲೆಸ್ ಮೈಯಲ್ಲಿ ಹೂತು ತಾವೇ ತುಕ್ಕಾಗುತ್ತವೆ. 19 ಎಳೆಯ ತಂತಿಯಲ್ಲಿ ನಡುವೆ ಒಂದು, ಅದರ ಸುತ್ತ ಆರು, ಹೊರಗೆ ಹನ್ನೆರಡು ಎಳೆಗಳಿರುತ್ತವೆ. ಮೊದಲು ಸಾಕೆಟ್ಟನ್ನು ತಂತಿಗೆ ಪೋಣಿಸಿ, ಹೊರಗಿನ ಹನ್ನೆರಡರ ಹುರಿಯನ್ನು ಬಿಚ್ಚಿ, ಒಳಗಿನ ಏಳು ಎಳೆಗಳ ತಿರುಳಿನ ಮೇಲೆ ಸೀಳಿರುವ ಪುಟ್ಟ ಶಂಕುವನ್ನು ತೂರಿಸಬೇಕು. ಆಮೇಲೆ ಹನ್ನೆರಡೂ ಎಳೆಗಳನ್ನು ಶಂಕುವಿನ ಸುತ್ತ ಸಮಾನ ಅಂತರದಲ್ಲಿ ಮತ್ತೆ ಹುರಿಗೂಡಿಸಿ, ಸಾಕೆಟ್ಟನ್ನು ಮೇಲಕ್ಕೆಳೆದು, ತಲೆಭಾಗವನ್ನು ತಿರುಗಿಸಿ ಬಿಗಿಯಬೇಕು. ಬಿಗಿದಾಗ ಎಳೆಗಳ ತುದಿಗಳು ಒಳಕ್ಕೆ ಬಾಗಿ ಶಂಕುವನ್ನು ಅಪ್ಪಿ ಹಿಡಿಯುತ್ತವೆ. ಎಳೆತ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ.

ಮೊದಲನೆಯದನ್ನು ಬಿಗಿದು, ಪರೀಕ್ಷೆಗೆಂದು ಮತ್ತೆ ಬಿಚ್ಚಿದಾಗ ಒಂದು ಹೊರ ಎಳೆ ಶಂಕುವಿನ ಸೀಳಿನೊಳಗೆ ಸಿಕ್ಕಿಬಿದ್ದದ್ದು ಕಂಡಿತು. ಹೊರಗಿನಿಂದ ಅದು ಸ್ವಲ್ಪವೂ ತಿಳಿಯುತ್ತಿರಲಿಲ್ಲ. ಆ ತುದಿಯನ್ನು ಕತ್ತರಿಸಿ, ಹೊಸ ಶಂಕುವಿನೊಡನೆ ಮತ್ತೆ ಮಾಡಿದೆ; ತಂತಿ 4 ಸೆಂ.ಮೀ. ಗಿಡ್ಡವಾದದ್ದರಿಂದ ಅಲ್ಲಿ ಟಾಗಲ್ ಎಂಬ ಬಾಗುವ ಕೊಂಡಿಯೊಂದನ್ನು ಹೆಚ್ಚುವರಿಯಾಗಿ ಸೇರಿಸಬೇಕಾಯಿತು. ಆ ನಂತರ ಹಳೆಯ ತಂತಿಯ ತುಂಡುಗಳ ಮೇಲೆ ಅರ್ಧ ದಿನ ಕೈ ಪಳಗಿಸಿಕೊಂಡು, ಉಳಿದ ಏಳನ್ನು ತಪ್ಪಿಲ್ಲದೆ ಮುಗಿಸಿದೆ. ಪ್ರತಿಯೊಂದನ್ನೂ ಬಿಚ್ಚಿ ನೋಡಿ, ಸರಿಯೆನಿಸಿದ ಮೇಲೆ ಒಳಗೆಲ್ಲ ಸೀಲಂಟ್ ತುಂಬಿ, ಸ್ಕ್ರೂವಿನ ಸುರುಳಿಗೆರೆಗಳಿಗೆ ಸಡಿಲಾಗದಂತೆ ತಡೆಯುವ ಥ್ರೆಡ್‌ಲಾಕರ್ ಹಚ್ಚಿ ಕೊನೆಯ ಸಲ ಬಿಗಿದೆ. ತಂತಿ ಒಳಹೋಗುವ ಬಾಯಿಯಿಂದ ಸೀಲಂಟ್ ಸುತ್ತಲೂ ಉಕ್ಕಿ ಬಂದರೆ ಮಾತ್ರ ಒಳಗೆ ನೀರಿಗೆ ಎಡೆಯಿಲ್ಲ ಎಂದು ನಂಬಬಹುದು.

ಮಾಸ್ಟ್ ಕೆಳಗಿದ್ದಾಗ ಅದರ ಜೋಡಣೆಗಳನ್ನೂ ನೋಡಿದೆ. ಸ್ಟೇನ್‌ಲೆಸ್ ಪಟ್ಟಿ ಅಲ್ಯೂಮಿನಿಯಮ್ಮಿಗೆ ನೇರವಾಗಿ ತಾಗಿದಲ್ಲೆಲ್ಲ ಬಣ್ಣ ಗುಳ್ಳೆಯೆದ್ದು, ಕೆಳಗೆ ಬಿಳಿಯ ಪುಡಿ ಕೂತಿತ್ತು. ಉಪ್ಪುನೀರು ಇವೆರಡನ್ನೂ ಒಂದು ಬ್ಯಾಟರಿಯಾಗಿಸುತ್ತದೆ, ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಪುಡಿಯನ್ನು ಕೆರೆದು, ತೆಳು ನೈಲಾನ್ ಹಾಳೆಯನ್ನು ನಡುವೆ ಇಟ್ಟು, ಸ್ಕ್ರೂಗಳಿಗೆಲ್ಲ ಟೆಫ್-ಜೆಲ್ ಎಂಬ ತುಕ್ಕುತಡೆ ಲೇಪ ಹಚ್ಚಿ ಮತ್ತೆ ಸೇರಿಸಿದೆ. ಸ್ಪ್ರೆಡರಿನ ತುದಿಗಳಿಗೆ ಹಿಂದೆ ಸುತ್ತಿದ್ದ ಟೇಪನ್ನು ಬಿಚ್ಚಿದಾಗ ಒಳಗಿನಿಂದ ಕಂದು ನೀರು ಇಳಿಯಿತು. ಈಗ ಹಾಯಿ ಉಜ್ಜುವ ಮಗ್ಗುಲಿಗೆ ಮಾತ್ರ ಚರ್ಮದ ಹೊದಿಕೆ ಹೊಲಿದು, ಕೆಳಭಾಗವನ್ನು ತೆರೆದೇ ಬಿಟ್ಟಿದ್ದೇನೆ.

ಟರ್ನ್‌ಬಕಲ್‌ಗಳ ನಡುಭಾಗ ಕಂಚಿನದು, ಸ್ಕ್ರೂ ಸ್ಟೇನ್‌ಲೆಸ್. ಸ್ಟೇನ್‌ಲೆಸ್ಸಿನೊಳಗೆ ಸ್ಟೇನ್‌ಲೆಸ್ ಸ್ಕ್ರೂ ಎಳೆತದಲ್ಲಿ ತಿರುಗಿದರೆ ಅವುಗಳ ಸುರುಳಿಗೆರೆಗಳು ಒಂದಕ್ಕೊಂದು ಬೆಸೆದುಕೊಂಡು ಕಚ್ಚಿ ನಿಲ್ಲುವ ಅಪಾಯವಿದೆ, ಕಂಚಿನೊಳಗೆ ಅದು ಬಹಳ ಕಡಿಮೆ. ಪ್ರತಿ ತಂತಿಯೂ ಎಲ್ಲ ದಿಕ್ಕಿಗೂ ಬಾಗಲು ಆಗುವಂತೆ ಕೆಳಗೆ ಟಾಗಲ್ ಇದೆ; ಹಾಯಿಯ ಬೀಸಿಗೆ ಸದಾ ಓಲಾಡುವ ಫೋರ್‌ಸ್ಟೇಗೆ ಮೇಲೂ ಒಂದಿದೆ.

ಮಾಸ್ಟನ್ನು ಮತ್ತೆ ನಿಲ್ಲಿಸಿದ ದಿನ ಗೆಳೆಯರೊಬ್ಬರು ಜೊತೆಗಿದ್ದರು. ಹ್ಯಾಲ್ಯಾರ್ಡಿನ ತುದಿಯನ್ನು ಎರಡೂ ಬದಿಯ ಚೈನ್‌ಪ್ಲೇಟಿಗೆ ಮುಟ್ಟಿಸಿ, ಮಾಸ್ಟ್ ನಡುವಿನಲ್ಲಿದೆಯೇ ಎಂದು ನೋಡಿಕೊಂಡು, ಒಂದು ಬದಿಗೆ ಎಷ್ಟು ಸುತ್ತೋ ಇನ್ನೊಂದಕ್ಕೂ ಅಷ್ಟೇ ಸುತ್ತು ಕೊಟ್ಟು ಸಮವಾಗಿ ಬಿಗಿಯುತ್ತ ಹೋದೆವು. ಎಳೆತವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. 19 ಎಳೆಯ ಸ್ಟೇನ್‌ಲೆಸ್ ತಂತಿಯ 2 ಮೀಟರ್ ಉದ್ದವು 1 ಮಿ.ಮೀ. ಹಿಗ್ಗಿದರೆ, ದಪ್ಪ ಎಷ್ಟೇ ಇರಲಿ, ಅದರ ಮುರಿಯುವ ಭಾರದ ಸುಮಾರು 5 ಶೇಕಡಾ ಎಳೆತ ಬಿದ್ದಿದೆ ಎಂದರ್ಥ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯ ಮೇಲ್ತುದಿಯನ್ನು ತಂತಿಗೆ ಬಿಗಿಯಾಗಿ ಟೇಪಿನಿಂದ ಕಟ್ಟಿ, ಕೈಬಿಗಿಯ ಸ್ಥಿತಿಯಲ್ಲಿ ಅದರ ಕೆಳತುದಿಯಿದ್ದ ಜಾಗವನ್ನು ತಂತಿಯ ಮೇಲೆ ಗುರುತು ಮಾಡಿ, ಬಿಗಿದಂತೆಲ್ಲ ಪಟ್ಟಿಗೂ ಗುರುತಿಗೂ ನಡುವೆ ಬೆಳೆಯುವ ಅಂತರವನ್ನು ಕ್ಯಾಲಿಪರಿನಲ್ಲಿ ಅಳೆದೆ. ಮೇಲ್ ಶ್ರೌಡುಗಳನ್ನು 3 ಮಿ.ಮೀ. ಹಿಗ್ಗುವಷ್ಟು, ಅಂದರೆ 15 ಶೇಕಡಾಕ್ಕೆ, ಲೆಕ್ಕದಲ್ಲಿ 500 ಕಿಲೋಗ್ರಾಂಗೆ ತುಸು ಮೇಲಕ್ಕೆ ತಂದು ನಿಲ್ಲಿಸಿದೆ. ಕೆಳ ಶ್ರೌಡುಗಳನ್ನು ಅದಕ್ಕಿಂತ ಕಡಿಮೆ ಬಿಗಿದು, ಮಾಸ್ಟಿನ ಬೆನ್ನಿನ ತೋಡಿನಗುಂಟ ಕೆಳಗಿನಿಂದ ಕಣ್ಣಿಟ್ಟು ನೋಡಿ, ಬದಿಗೆ ಬಾಗಿಲ್ಲದಂತೆ ಹೊಂದಿಸಿದೆ.

ಮೊದಲ ಮೂರು ಪ್ರಯಾಣಗಳಲ್ಲಿ ದೋಣಿ ಸುಮಾರು 20 ಡಿಗ್ರಿ ವಾಲಿದಾಗ ಗಾಳಿಯ ಮರೆಯ ಬದಿಯ ಶ್ರೌಡು ಜೋಲುತ್ತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದೆ. ಮೊದಲ ಸಲ ಜೋಲಿತು. ಎರಡೂ ಬದಿಗೆ ಒಂದೊಂದು ಸುತ್ತು ಬಿಗಿದ ಮೇಲೆ ನಿಂತಿತು. ಆ ನಂತರವೇ, ಬಿಗಿದದ್ದು ತಿರುಗಿ ಸಡಿಲಾಗದಂತೆ ತಡೆಯುವ ಕಾಟರ್ ಪಿನ್ನುಗಳ ಕಾಲುಗಳನ್ನು ಅಗಲಿಸಿದೆ. ಕಾಲುಗಳನ್ನು ಪೂರ್ತಿ ಸುರುಳಿ ಮಾಡದೆ ಸ್ವಲ್ಪವೇ ಅಗಲಿಸಿದರೆ ಬೇಕಾದಾಗ ಬೇಗ ತೆಗೆಯಬಹುದು. ಅವುಗಳ ಮೇಲೆ ಟೇಪ್ ಸುತ್ತುವ ಹಳೆಯ ಅಭ್ಯಾಸವನ್ನು ಬಿಟ್ಟು, ಚೂಪಾದ ತುದಿಗೆ ಸಿಲಿಕೋನಿನ ಒಂದು ಹನಿ ಇಟ್ಟಿದ್ದೇನೆ. ಪ್ರತಿ ಪ್ರಯಾಣ ಮುಗಿದ ಮೇಲೆ ಬುಡದ ಒಂದೂವರೆ ಮೀಟರಿಗೆ ಸಿಹಿನೀರು ಸುರಿಯುತ್ತೇನೆ.

ಮೂರು ತಿಂಗಳ ನಂತರ ಎಂಟೂ ಬುಡಗಳನ್ನು ಭೂತಗನ್ನಡಿಯಲ್ಲಿ ನೋಡಿದೆ, ತಂತಿಗಳ ಮೇಲೆ ಹತ್ತಿಯ ಬಟ್ಟೆಯನ್ನು ಮೇಲಿನಿಂದ ಕೆಳಗೆ ಎಳೆದೆ. ಎಲ್ಲಿಯೂ ನೂಲು ಸಿಕ್ಕಿಕೊಳ್ಳಲಿಲ್ಲ, ಅಂದರೆ ಮುರಿದ ಎಳೆಯಿಲ್ಲ. ಕ್ಯಾಬಿನ್ನಿನೊಳಗೆ ಚೈನ್‌ಪ್ಲೇಟುಗಳ ಸುತ್ತ ನೀರಿನ ಗುರುತಿರಲಿಲ್ಲ. ಬಲಬದಿಯ ಮುಂದಿನ ಕೆಳ ಶ್ರೌಡಿನ ಕಾಟರ್ ಪಿನ್ನೊಂದರಲ್ಲಿ ಮಾತ್ರ ಕಂದು ಬಣ್ಣ ತಿರುಗಿತ್ತು. ಪರೀಕ್ಷಾ ದ್ರವದ ಹನಿ ಹಾಕಿದರೆ ಬಣ್ಣ ಬದಲಾಗಲಿಲ್ಲ. ಅದರಲ್ಲಿ ಮಾಲಿಬ್ಡಿನಂ ಇರಲಿಲ್ಲ. ಪಟ್ಟಿಗಳನ್ನೂ ಬೋಲ್ಟುಗಳನ್ನೂ ಪರೀಕ್ಷಿಸಿದ್ದ ನಾನು ಪಿನ್ನುಗಳನ್ನು ಪರೀಕ್ಷಿಸಿರಲಿಲ್ಲ. ಅದೇ ಪೊಟ್ಟಣದ ಉಳಿದ ಪಿನ್ನುಗಳನ್ನೂ ತೆಗೆದು, ಒಂದೊಂದಕ್ಕೂ ಹನಿ ಹಾಕಿ ನೋಡಿದ 316 ರ ಪಿನ್ನುಗಳನ್ನು ಆ ಸಂಜೆಯೇ ಹಾಕಿ ಮುಗಿಸಿದೆ.